ಮೂರನೇ ದಿನವೂ ಅಂಟು

ಮಲ್ಪೆಯಲ್ಲಿ ಆಟಿ ತಿಂಗಳು.
ಭರಣಿಯಲ್ಲಿ ಉಪ್ಪು ನೀರಾಗಿದೆ,
ಬೆಂಕಿಕಡ್ಡಿ ಗೀರಿದರೆ ತಲೆ ಮಾತ್ರ ಉದುರುತ್ತದೆ.
ಇಂಥದರಲ್ಲಿ ನಾನು
ಹಿಂಬದಿ ಜಗಲಿಯ ಮೇಜಿನ ಮೇಲೆ
ಗಾಜಿನಂಥದೊಂದನ್ನು ಗಟ್ಟಿ ಮಾಡಲು ಹೊರಟವಳು.

ಬೆರಳಿಟ್ಟೆ. ಬೆರಳು ಹಿಡಿದುಕೊಂಡಿತು.
ಮೂರನೇ ದಿನವೂ.
ಎಳೆ ಬರುವ ಮೊದಲೇ ಇಳಿಸಿದ ಬೆಲ್ಲದ ಪಾಕ.
ಚಹಾ ಲೋಟದಡಿ ಇಡುವ ಬಿಲ್ಲೆ ಅದು,
ಅದರ ನೀಲಿ ಸಮುದ್ರದ ನಡುವೆ
ನನ್ನದೇ ಹೆಬ್ಬೆಟ್ಟು, ಸಾಲಪತ್ರಕ್ಕೆ ಒತ್ತಿದ ಹಾಗೆ.

ಚೀಲದಲ್ಲಿ ಸುತ್ತಿಕೊಂಡು ದಕ್ಕೆಯಾಚೆ
ದೋಣಿಗೆ ಫೈಬರ್ ಹಚ್ಚುವ ವಾಮನ ಕುಂದರರ ಶೆಡ್ಡಿಗೆ ಹೋದೆ.
ಮೂವತ್ತು ವರ್ಷ ರೆಸಿನ್ನಿನ ವಾಸನೆ ಕುಡಿದವರು,
ಮೀನಿನ ವಾಸನೆ ಈಗ ಮೂಗಿಗೆ ಹತ್ತುವುದಿಲ್ಲವಂತೆ.
(ಹೆಂಡತಿಗೆ ಇದೇ ತಕರಾರು:
ಬಂಗುಡೆ ಕೆಟ್ಟದ್ದೂ ತಿಳಿಯದೆ ತರುತ್ತಾರೆ.)
ಬಿಲ್ಲೆಯನ್ನು ಬೆಳಕಿಗೆ ಹಿಡಿದರು,
ಉಗುರಿನಿಂದ ಕೆರೆದರು.

"ಯಾವುದರಲ್ಲಿ ಅಳೆದದ್ದು?"
ಅಡಿಗೆಮನೆಯ ತಕ್ಕಡಿಯಲ್ಲಿ.
"ಬಾಟಲಿ ಏನು ಹೇಳುತ್ತದೆ?"
ಎರಡು ಪಾಲಿಗೆ ಒಂದು ಪಾಲು.
"ತೂಕದ ಪಾಲೋ, ಅಳತೆಯ ಪಾಲೋ?"

ಹದಿನಾರು ವರ್ಷ ಓದಿದವಳು ನಾನು
ಬಾಟಲಿಯ ಬೆನ್ನು ಓದಿರಲಿಲ್ಲ.

"ನಮ್ಮ ದೋಣಿಯದ್ದು ಬೇರೆ ಜಾತಿ,
ಮದ್ದು ಒಂದು ಮುಚ್ಚಳ ಆಚೀಚೆ ಆದರೂ ನಡೆದೀತು.
ನಿನ್ನದು ಹಾಗಲ್ಲ ಮಗಾ.
ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತು ಅಂದುಕೊಂಡೆಯಾ?
ಜೋಡಿ ಸಿಗದೆ ಉಳಿದದ್ದೆಲ್ಲ
ಉಳಿದೇ ಬಿಡುತ್ತದೆ, ಅಂಟಂಟಾಗಿ."
ಹೇಳಿ, ತನ್ನ ಮದುವೆಯಾಗದ ತಮ್ಮನ ಕಡೆ ನೋಡಿ ನಕ್ಕರು.
ತಮ್ಮ ಬ್ರಷ್ ತೊಳೆಯುತ್ತಲೇ ಇದ್ದ.

ಎರಡನೆಯದನ್ನು ತೆಗೆದೆ, ಗುಳ್ಳೆ ತುಂಬಿದ್ದು.
"ಮೊಸರು ಕಡೆದ ಹಾಗೆ ಕಡೆದಿದ್ದೀ.
ಕಲಸುವ ಮೊದಲು ಬಾಟಲಿಯನ್ನು ಬಿಸಿನೀರಿನಲ್ಲಿ ಕೂರಿಸು,
ಆಮೇಲೆ ಸಾವಕಾಶ, ಗೋಡೆ ಕೆರೆದು, ತಳ ಕೆರೆದು."
ಸ್ವಲ್ಪ ಹೊತ್ತು ಬಿಟ್ಟು,
"ದೋಣಿಯೊಳಗೆ ಗುಳ್ಳೆ ಬಿಟ್ಟರೆ ಸಮುದ್ರ ಹುಡುಕುತ್ತದೆ.
ಇದರಲ್ಲಿ ನೀನೊಬ್ಬಳೇ ಹುಡುಕುವುದು.
ದಾಲ ಇಜ್ಜಿ, ಹೋಗು."

ಮಲ್ಲಿಗೆಯ ಮದ್ದು ಅವರಿಗೂ ತಿಳಿದಿರಲಿಲ್ಲ.

ಶಿರ್ವದ ಅನಿಟಾ ಮಥಾಯಸ್ ಕೊಟ್ಟದ್ದು,
ಮದುವೆ ದಿನ ಮುಡಿದ ಶಂಕರಪುರದ ಚೆಂಡು.
ಅದರಿಂದ ಹತ್ತು ಹೂ ಪರೀಕ್ಷೆಗೆಂದು
ಪೇಪರಿನಡಿ ಒಂದು ರಾತ್ರಿ ಇಟ್ಟು ಹುಯ್ದುಬಿಟ್ಟೆ.
ಬೆಳಿಗ್ಗೆ ನೋಡಿದರೆ
ಹತ್ತೂ ಚಹಾ ಸೊಪ್ಪಿನ ಬಣ್ಣ.
ನೀರು ಒಳಗೇ ಇತ್ತು, ಹೂವಿನ ತೊಟ್ಟಿನಲ್ಲಿ,
ನನ್ನ ಅವಸರದಲ್ಲಿ.

ಉಳಿದವನ್ನು ಉಳಿಸಲು ಉಡುಪಿಯ ಚಪ್ಪಲಿ ಅಂಗಡಿಗಳಲ್ಲಿ
ಡಬ್ಬದೊಳಗಿನ ಹರಳು ಪೊಟ್ಟಣ ಬೇಡಿದೆ.
ಎರಡು ವಾರ ಹೂವನ್ನು ಹರಳಿನಲ್ಲಿ ಹೂತೆ.
ಬಿಳಿ ಮಾತ್ರ ಉಳಿಯಲಿಲ್ಲ.
ಫೋನಿನಲ್ಲಿ ಹೇಳಿದೆ: ಹಳದಿಯಾಗಿದೆ.
"ಎಷ್ಟು ಹಳದಿ?"
ಹಲ್ಲಿನಷ್ಟು.
ಆಚೆ ಮೌನ. ಆಮೇಲೆ,
"ನನ್ನ ಗಂಡನ ಹಲ್ಲಿನಷ್ಟಾದರೆ ಅಡ್ಡಿಯಿಲ್ಲ, ಹುಯ್ಯಿ."

ಹುಯ್ದೆ. ಗುಳ್ಳೆಯಿಲ್ಲ, ಅಂಟಿಲ್ಲ.
ಆದರೆ ರಾತ್ರಿ ಒಂದು ಇರುವೆ
ಹೂವಿನ ಪರಿಮಳ ಇನ್ನೂ ಇದೆಯೆಂದು ನಂಬಿ ಇಳಿದದ್ದು
ಆರೂ ಕಾಲು ಚಾಚಿ ಒಳಗೇ ನಿಂತಿತ್ತು.
ಅನಿಟಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ
ಇರುವೆಗೆಂದು ಐವತ್ತು ರೂಪಾಯಿ ಕಡಿಮೆ ಕೊಟ್ಟಳು.

ಇನ್ನುಳಿದದ್ದು ಮೇಜು.
ಹುಯ್ದದ್ದೆಲ್ಲ ಒಂದು ಬದಿಗೇ ಸರಿಯುತ್ತಿತ್ತು.
ಸಮುದ್ರಕ್ಕೂ ಒಂದು ಬದಿ ಆಳ ಹೆಚ್ಚೆಂದು ಹೇಳಿ
ಒಂದನ್ನು ಮಾರಿದೆ. ಎರಡನೆಯವರು ನಂಬಲಿಲ್ಲ.
ರಟ್ಟು ಮಡಚಿ ಕಾಲಿನಡಿ ಇಟ್ಟೆ, ಒದ್ದೆಯಾಗಿ ಕುಸಿಯಿತು.
ಮರದ ಚಕ್ಕೆ ಜಾರಿತು.

ಈಗ ಅಲ್ಲಿರುವುದು ಆ ಮೊದಲನೆಯ ಬಿಲ್ಲೆ,
ನೀಲಿ, ಹೆಬ್ಬೆಟ್ಟಿನದ್ದು.
ಮೇಜಿನ ಕಾಲನ್ನು ಹಿಡಿದುಕೊಂಡಿದೆ.
ಜಾರುವುದಿಲ್ಲ.